ಓದಿದವರು ಏನು ಮಾಡಿದರು

ಈಚೆಗೆ ಓದಿದ ಒಂದು ಕಾದಂಬರಿ, ಒಂದು ಕವನಸಂಕಲನ, ನಾಲ್ಕಾರು ಪ್ರಬಂಧಗಳ ಬಗ್ಗೆ ಒಬ್ಬ ಓದುಗ ತನಗೆ ಅನ್ನಿಸಿದ್ದನ್ನು ಬರೆದರೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ವಿಮರ್ಶೆ ಅನ್ನುವಷ್ಟು ಗಟ್ಟಿಯಿಲ್ಲ, ಸಂಶೋಧನೆ ಮೊದಲೇ ಅಲ್ಲ, ಬರೀ ಅನಿಸಿಕೆ ಎಂದು ಪಕ್ಕಕ್ಕಿಡುತ್ತೇವೆ. ಜೊತೆಗೆ, ಇದು ಇಂಗ್ಲಿಷ್ ಕಲಿತವರು ತಂದ ರೂಢಿ, ಅಚ್ಚಿನ ಪತ್ರಿಕೆಗಳ ಬೆನ್ನಿಗೆ ಬಂದದ್ದು ಎಂಬ ನಂಬಿಕೆಯೂ ಬಲವಾಗಿದೆ. ಈ ಎರಡು ಮಾತೂ ನಿಲ್ಲುವುದಿಲ್ಲ ಎನ್ನುವುದು ನನ್ನ ವಾದ. ಕನ್ನಡದ ಓದುಗರು ಸಾವಿರ ವರ್ಷಕ್ಕೂ ಹಿಂದಿನಿಂದ ತಮ್ಮ ಪ್ರತಿಕ್ರಿಯೆಯನ್ನು ಉಳಿಸಿಟ್ಟಿದ್ದಾರೆ. 'ನನಗೆ ಹೀಗನ್ನಿಸಿತು' ಎಂದು ಬರೆಯುವ ಗೋಜಿಗೆ ಹೋಗಲಿಲ್ಲ, ಅಷ್ಟೆ. ಮೆಚ್ಚಿದ್ದನ್ನು ಆರಿಸಿದರು, ಆರಿಸಿದ್ದನ್ನು ಜೋಡಿಸಿದರು, ಅರ್ಥ ಹೇಳಿದರು, ವೇಷ ಕಟ್ಟಿ ಕುಣಿದರು, ಇನ್ನೊಂದು ಭಾಷೆಯಿಂದ ತಂದು ತಮ್ಮದು ಮಾಡಿಕೊಂಡರು. ಇದಕ್ಕೆ ಬೇಕಾದ ಸಾಕ್ಷ್ಯಕ್ಕಾಗಿ ಮೈಸೂರು, ಧಾರವಾಡಗಳ ತನಕ ಹೋಗಬೇಕಾಗಿಲ್ಲ. ತಿಪಟೂರಿನ ಪಕ್ಕದ ಅರಳಗುಪ್ಪೆಯನ್ನು ನಡುವೆ ಇಟ್ಟುಕೊಂಡು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಗೊಮ್ಮೆ, ತುಮಕೂರಿನ ಕಡೆಗೊಮ್ಮೆ ಹೊರಳಿ ನೋಡಿದರೆ ಸಾಕಷ್ಟು ಸಿಗುತ್ತದೆ. ತೆಂಗಿಗೂ ಉಂಡೆ ಕೊಬ್ಬರಿಗೂ ಹೆಸರಾದ ಈ ಸೀಮೆಯನ್ನು ಓದಿನ ಸೀಮೆಯೆಂದು ಯಾರೂ ಕರೆದಿಲ್ಲ.

ಅರಳಗುಪ್ಪೆಯಲ್ಲಿ ಎರಡು ಹಳೆಯ ಗುಡಿಗಳಿವೆ. ಕಲ್ಲೇಶ್ವರ 9ನೆಯ ಶತಮಾನದ್ದು, ಗಂಗ-ನೊಳಂಬರ ಕಾಲದ ಕೆಲಸ. ಚೆನ್ನಕೇಶವ 13ನೆಯ ಶತಮಾನದ ಹೊಯ್ಸಳರದು. ಕಲ್ಲೇಶ್ವರದ ಭುವನೇಶ್ವರಿಯನ್ನು, ಎಂದರೆ ಕೆತ್ತನೆಯ ಚಾವಣಿಯನ್ನು, ನೋಡಬೇಕಾದರೆ ಕತ್ತೆತ್ತಿಯೇ ನಿಲ್ಲಬೇಕು. ನಡುವಿನ ಅಂಕಣದಲ್ಲಿ ಕುಣಿಯುವ ಶಿವ, ಅವನ ಬದಿಯಲ್ಲಿ ವಾದ್ಯ ನುಡಿಸುವವರು, ಸುತ್ತಲೂ ತಮ್ಮ ತಮ್ಮ ವಾಹನವೇರಿದ ಅಷ್ಟದಿಕ್ಪಾಲಕರು. ಇಷ್ಟು ಎತ್ತರದಲ್ಲಿ, ಇಷ್ಟು ಸೂಕ್ಷ್ಮವಾಗಿ ಕಡೆದವನಿಗೆ ಕೆಳಗೆ ನಿಂತು ನೋಡುವವರ ಮೇಲೆ ಭರವಸೆ ಇದ್ದಿರಬೇಕು. ಆ ನೋಡುವವರು, ಕೇಳುವವರು ಎಂಥವರು ಎನ್ನುವುದಕ್ಕೆ ಆ ಶತಮಾನದ್ದೇ ಒಂದು ಕನ್ನಡ ಸಾಕ್ಷ್ಯವಿದೆ. ಸುಮಾರು 850ರಲ್ಲಿ, ನೃಪತುಂಗನ ಆಶ್ರಯದಲ್ಲಿ ಶ್ರೀವಿಜಯ ಬರೆದ 'ಕವಿರಾಜಮಾರ್ಗ'ದಲ್ಲಿ ನಾಡಿನ ಜನ ಪಾಠ ಹೇಳಿಸಿಕೊಳ್ಳದಿದ್ದರೂ ಕಾವ್ಯಪ್ರಯೋಗದಲ್ಲಿ ನುರಿತವರು ಎಂಬ ಹೊಗಳಿಕೆ ಬರುತ್ತದೆ. ರಾಜ್ಯೋತ್ಸವದ ಭಾಷಣಗಳಲ್ಲಿ ಸವೆದುಹೋಗಿರುವ ಮಾತು ಅದು. ಅದರ ಬೆನ್ನಲ್ಲೇ ಬರುವ ದೂರನ್ನು ಯಾರೂ ವೇದಿಕೆಯಲ್ಲಿ ನೆನೆಯುವುದಿಲ್ಲ: ತಿಳಿಯದವರೂ ತಿಳಿದವರ ಹಾಗೆ, ತಪ್ಪಿಗೆ ಒಂದಿಷ್ಟು ಎಡೆ ಸಿಕ್ಕರೂ ಅದನ್ನೇ ಹಿಡಿದು ಕೃತಿಯನ್ನು ಹಳಿದುಬಿಡುತ್ತಾರಂತೆ. ಕವಿಯ ಪಕ್ಷದವನು ಆಡಿದ ಈ ದೂರಿನಲ್ಲಿ ನಮಗೆ ಬೇಕಾದದ್ದು ಒಂದು ಸಂಗತಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥದ ಹೊತ್ತಿಗೇ ಕೇಳಿ ಸುಮ್ಮನೆ ಎದ್ದುಹೋಗದ, ತನಗನ್ನಿಸಿದ್ದನ್ನು ಆಡಿಯೇ ತೀರುವ ಓದುಗನಿದ್ದ. ಅವನ ಕಾಟಕ್ಕೆ ಲಕ್ಷಣಕಾರನೇ ತಲೆ ಕೆಡಿಸಿಕೊಳ್ಳಬೇಕಾಗಿತ್ತು. ಇಂದು ಸಿಕ್ಕಸಿಕ್ಕವರೆಲ್ಲ ಪುಸ್ತಕಗಳ ಬಗ್ಗೆ ಬರೆಯುತ್ತಾರೆ ಎಂದು ಗೊಣಗುವವರಿಗೆ ಆ ಗೊಣಗಾಟದ ವಯಸ್ಸಾದರೂ ತಿಳಿದಿರಲಿ.

ಆಡಿದ ಮಾತು ಗಾಳಿಗೆ ಹೋಯಿತು, ದಾಖಲೆ ಎಲ್ಲಿ ಎಂದು ಕೇಳಬಹುದು. ಚೆನ್ನಕೇಶವ ಗುಡಿಯ ಶಿಲ್ಪಗಳಲ್ಲಿ ಹೊನೋಜನೆಂಬ ರೂವಾರಿಯ ಹೆಸರಿದೆ. ಹೊಯ್ಸಳರ ಕಾಲದಲ್ಲಿ ಕಡೆದವನು ಹೆಸರು ಕೊರೆಯುತ್ತಿದ್ದ, ದಾನ ಕೊಟ್ಟವನು ಶಾಸನ ಹಾಕಿಸುತ್ತಿದ್ದ. ನಿಂತು ನೋಡಿ ಬೆರಗಾದವನು ಒಂದಕ್ಷರ ಬಿಟ್ಟುಹೋಗಲಿಲ್ಲ. ಕಾವ್ಯದಲ್ಲಿ ಹಾಗಾಗಲಿಲ್ಲ. ಅದೇ ಕಾಲದಲ್ಲಿ, ಹೊಯ್ಸಳ ಸೋಮೇಶ್ವರನ ಆಳ್ವಿಕೆಯಲ್ಲಿ, ಸುಮಾರು 1245ರಲ್ಲಿ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ವನ್ನು ಕೂಡಿಸಿದ. ಅದು ಸ್ವಂತ ಕಾವ್ಯವಲ್ಲ. ತನಗಿಂತ ಹಿಂದಿನ ಕನ್ನಡ ಕವಿಗಳನ್ನು ಓದಿ, ಸಮುದ್ರ, ಪರ್ವತ, ನಗರ, ಚಂದ್ರೋದಯ ಎಂದು ಅಷ್ಟಾದಶ ವರ್ಣನೆಗಳ ಕ್ರಮದಲ್ಲಿ ಪದ್ಯಗಳನ್ನು ಹೆಕ್ಕಿ ಜೋಡಿಸಿದ ಸಂಕಲನ. ಸಂಕಲನ ಎಂದರೆ ಓದುಗನ ದಿನಚರಿಯೇ: ಇದನ್ನು ಇಟ್ಟುಕೊಂಡೆ, ಅದನ್ನು ಬಿಟ್ಟೆ, ಚಂದ್ರೋದಯಕ್ಕೆ ಅವನಿಗಿಂತ ಇವನು ಮೇಲು ಎಂದು ಪುಟಪುಟದಲ್ಲೂ ಹೇಳುತ್ತದೆ, ಬಾಯಿ ಬಿಡದೆ. ಈ ಓದುಗನ ಆಯ್ಕೆಯ ದೆಸೆಯಿಂದಲೇ ಮೂಲಕಾವ್ಯ ಕಳೆದುಹೋದ ಮೇಲೂ ಕೆಲವು ಪದ್ಯಗಳು ನಮ್ಮ ಕೈಗೆ ಬಂದಿವೆ. ಅವನ ಮಗ ಕೇಶಿರಾಜ ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದಾಗ ವ್ಯಾಕರಣಕ್ಕೆ ಆಧಾರ ಹಿಡಿದದ್ದು ಪೂರ್ವಕವಿಗಳ ಪ್ರಯೋಗವನ್ನು. ಗಜಗ, ಅಸಗ, ಗುಣನಂದಿ ಎಂದು ಹೆಸರು ಹಿಡಿದು ಕರೆದ. ಇವರು ಬರೆದ ಕನ್ನಡ ಕಾವ್ಯಗಳು ಇಂದು ಇಲ್ಲ, ಕೇಶಿರಾಜ ಅವರನ್ನು ಓದಿದ್ದ ಎಂಬ ಗುರುತು ಉಳಿದಿದೆ. ಜನ್ನ ಅವನಿಗೆ ಸೋದರಮಾವ, ಕವಿ ಸುಮನೋಬಾಣ ಅವನ ತಾಯಿಯ ತಂದೆ. ಮನೆಯಲ್ಲೇ ಇಷ್ಟು ಜನ ಬರೆಯುವವರಿರುವಾಗ ಪದ್ಯಗಳ ಬಗ್ಗೆ ಚರ್ಚೆ ನಡೆಯದೆ ಇದ್ದೀತೆ? ಆ ಚರ್ಚೆ ಸೂತ್ರ-ಉದಾಹರಣೆಗಳಾಗಿ ಗಟ್ಟಿಯಾಯಿತು ಎಂದು ನಾನು ಓದಿಕೊಳ್ಳುತ್ತೇನೆ.

ಆದರೂ ಸಂಕಲನದಲ್ಲಿ ಓದುಗನ ರುಚಿ ಕಾಣುತ್ತದೆಯೇ ಹೊರತು ಅವನ ಜಗಳ ಕಾಣುವುದಿಲ್ಲ. ಜಗಳ ಬೇಕಿದ್ದವರು ತುಮಕೂರಿನ ಕಡೆ ಹೊರಳಬೇಕು. 'ಶೂನ್ಯಸಂಪಾದನೆ'ಯನ್ನು ನಾವು ಧರ್ಮಗ್ರಂಥವಾಗಿ, ಹೆಚ್ಚೆಂದರೆ ನಾಟಕೀಯ ಸಂವಾದವಾಗಿ ಓದುತ್ತೇವೆ. ಅದು ಹುಟ್ಟಿದ ಬಗೆಯನ್ನು ನೋಡಿದರೆ ಕನ್ನಡದಲ್ಲಿ ಓದುಗರು ಮಾಡಿದ ಅತ್ಯಂತ ಧೈರ್ಯದ ಕೆಲಸ ಅದೇ. ಬಸವಣ್ಣ, ಅಲ್ಲಮ, ಅಕ್ಕ, ಚನ್ನಬಸವಣ್ಣ, ಸಿದ್ಧರಾಮರು 12ನೆಯ ಶತಮಾನದಲ್ಲಿ ಆಡಿದ ವಚನಗಳು ಬಿಡಿಬಿಡಿಯಾಗಿ ಓಲೆಗಳಲ್ಲಿದ್ದವು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನು ಓದಿ, ಯಾವ ವಚನಕ್ಕೆ ಯಾವ ವಚನ ಉತ್ತರವಾದೀತು ಎಂದು ಊಹಿಸಿ, ಒಬ್ಬರ ಮಾತಿನ ಎದುರು ಇನ್ನೊಬ್ಬರ ಮಾತನ್ನಿಟ್ಟು, ನಡುವೆ ತನ್ನ ಗದ್ಯದ ಕೊಂಡಿ ಹಾಕಿದ. ಆಮೇಲೆ ಹಲಗೆಯಾರ್ಯ ಅದನ್ನು ತಿದ್ದಿದ, ಗುಮ್ಮಳಾಪುರದ ಸಿದ್ಧಲಿಂಗ ಮತ್ತೆ ತಿದ್ದಿದ, ಕೊನೆಗೆ ತುಮಕೂರಿನ ಮಗ್ಗುಲ ಗೂಳೂರಿನ ಸಿದ್ಧವೀರಣಾರ್ಯ ಅದನ್ನು ಇನ್ನೂ ಹಿಗ್ಗಿಸಿ ಬರೆದ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗರ ಬಳಗ ವಚನಗಳನ್ನು ಓದಿ, ಕೂಡಿಸಿ, ಟೀಕು ಬರೆಯುತ್ತಿದ್ದ ಕಾಲ ಅದು. ವಚನಗಳು ಅವೇ, ಹೊಸ ಕೈಗೆ ಬಂದಾಗಲೆಲ್ಲ ಅವುಗಳ ಸಾಲು ಬದಲಾಯಿತು. ಸಿದ್ಧರಾಮನಿಗೆ ಲಿಂಗದೀಕ್ಷೆ ಆಯಿತೇ, ಆಗುವ ಅಗತ್ಯವಿತ್ತೇ ಎಂಬಲ್ಲಿ ಈ ಸಂಕಲನಕಾರರು ಒಂದು ಮಾತಿಗೆ ಬರಲಿಲ್ಲ. ಹಿಂದಿನವನ ಓದು ತಪ್ಪು ಎಂದು ಅನ್ನಿಸಿದವನು ಖಂಡನೆಯ ಪುಸ್ತಕ ಬರೆಯದೆ, ಇಡೀ ಗ್ರಂಥವನ್ನೇ ಬೇರೆ ರೀತಿ ಕಟ್ಟಿದ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಸಿದ್ಧವೀರಣಾರ್ಯನಿಗೆ ಬೇಕಿದ್ದದ್ದು ಷಟ್‌ಸ್ಥಲ ಸಿದ್ಧಾಂತ, ಮಲ್ಲಿಕಾರ್ಜುನನಿಗೆ ಬೇಕಿದ್ದದ್ದು ವರ್ಣನೆಗಳ ಮಾದರಿ. ಇವನ್ನೆಲ್ಲ ಓದುಗನ ಸ್ವಂತ ಪ್ರತಿಕ್ರಿಯೆ ಎಂದು ಕರೆಯುವುದು ಇಂದಿನ ಆಸೆಯನ್ನು ಅಂದಿನವರ ತಲೆಗೆ ಕಟ್ಟಿದಂತೆ ಅಲ್ಲವೇ? ಉದ್ದೇಶ ಬೇರೆ ಇತ್ತು ಎನ್ನುವುದನ್ನು ಒಪ್ಪುತ್ತೇನೆ. ಉದ್ದೇಶವಿಲ್ಲದ ಓದು ಯಾವ ಕಾಲದಲ್ಲೂ ಇರಲಿಲ್ಲ. ಸಿದ್ಧಾಂತವೊಂದೇ ಕೆಲಸ ಮಾಡಿದ್ದರೆ, ಒಂದೇ ಸಿದ್ಧಾಂತದವರು ಒಂದೇ ವಚನರಾಶಿಯಿಂದ ಮತ್ತೆ ಮತ್ತೆ ಬೇರೆ ಗ್ರಂಥ ಕಟ್ಟುವ ಪ್ರಮೇಯ ಬರುತ್ತಿರಲಿಲ್ಲ. ಅಲ್ಲಮನ ಬೆಡಗಿನ ಒಂದು ವಚನವನ್ನು ಅಕ್ಕ ಅನುಭವಮಂಟಪಕ್ಕೆ ಬಂದ ಸಂದರ್ಭಕ್ಕೆ ಇಡಬೇಕೇ, ಮುಕ್ತಾಯಕ್ಕನ ಪ್ರಸಂಗಕ್ಕೇ ಎಂದು ತೀರ್ಮಾನಿಸುವಾಗ ಯಾವ ಶಾಸ್ತ್ರವೂ ನೆರವಿಗೆ ಬರುವುದಿಲ್ಲ. ಆ ವಚನ ತನ್ನೊಳಗೆ ಏನು ಮಾಡಿತು ಎನ್ನುವುದನ್ನೇ ನೆಚ್ಚಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಓಲೆ ಮುಟ್ಟುವ ಹಕ್ಕು, ಅಕ್ಷರದ ಅನುಕೂಲ ಎಷ್ಟು ಜನಕ್ಕಿತ್ತು? ಬ್ರಾಹ್ಮಣರ, ಜೈನರ, ಮಠದವರ ಓದನ್ನೇ ಕನ್ನಡದ ಓದು ಎನ್ನುವುದು ಹೇಗೆ? ಇದಕ್ಕೆ ಪೂರ್ತಿ ಉತ್ತರವಿಲ್ಲ. ಅಕ್ಷರದಿಂದ ದೂರ ಇಟ್ಟದ್ದು ನಿಜ, ಹೆಂಗಸರಿಗಂತೂ ದುಪ್ಪಟ್ಟು ನಿಜ. ಹಾಗೆಂದು ಓದು ಅಕ್ಷರ ಬಲ್ಲವರಲ್ಲೇ ಮುಗಿಯುತ್ತಿರಲಿಲ್ಲ. ಕುಮಾರವ್ಯಾಸನ ಭಾರತ, ಪಕ್ಕದ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'—ಇವು ಹಳ್ಳಿಗಳನ್ನು ಮುಟ್ಟಿದ್ದು ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಕ್ರಮದಿಂದ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸುವುದು ಇಲ್ಲೂ ಉಂಟು, ನಾಡಿನ ಬೇರೆ ಕಡೆಯೂ ಉಂಟು. ಈ ಓದಿನಲ್ಲಿ ಪದ್ಯದಷ್ಟೇ ತೂಕ ಅರ್ಥ ಹೇಳುವವನಿಗೆ. ಚಂದ್ರಹಾಸನ ಕಥೆಯನ್ನು ಎಲ್ಲಿ ಹಿಗ್ಗಿಸಬೇಕು, ಸೀತೆಯನ್ನು ಕಾಡಿಗೆ ಬಿಟ್ಟುಬರುವ ಭಾಗದಲ್ಲಿ ಯಾರ ಪರ ನಿಲ್ಲಬೇಕು, ಕೀಚಕನ ವಧೆಯನ್ನು ಊರಿನ ಯಾವ ಸುದ್ದಿಗೆ ತಾಕಿಸಬೇಕು ಎನ್ನುವುದು ಅವನದೇ ಆಯ್ಕೆ. ಎದುರಿಗೆ ಕೂತವರು ಒಪ್ಪದಿದ್ದರೆ ಅಲ್ಲೇ ತಿಳಿಯುತ್ತಿತ್ತು. ಓಲೆ ನಕಲು ಮಾಡಿದವರು ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬಿನ್ನವಿಸುತ್ತಿದ್ದರು, ಮುಂದಿನವರು ಆ ಮಾತನ್ನು ಧಾರಾಳವಾಗಿಯೇ ಪಾಲಿಸಿದರು. ಸಂಪಾದಕರಿಗೆ ತಲೆನೋವಾದ ಪಾಠಾಂತರಗಳಲ್ಲಿ ಕೆಲವು ಕೈತಪ್ಪು, ಕೆಲವು ಮಾತ್ರ ಈ ಪದ ಹೀಗಿದ್ದರೆ ಚೆನ್ನ ಎಂದು ಅನ್ನಿಸಿದ ಓದುಗನ ಕೈವಾಡ. ಇನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿಗಾಡಿನ ಮೂಡಲಪಾಯದಲ್ಲಿ ಮುಖವೀಣೆಯ ದನಿ ಏರುತ್ತಿದ್ದಂತೆ ಭಾಗವತನ ಪದಕ್ಕೆ ಹೆಜ್ಜೆ ಹಾಕಿದ ರೈತಾಪಿ ಜನ ಭಾರತವನ್ನು ಓದಿದವರಲ್ಲ, ಕೇಳಿದವರು. ಪದ ಮುಗಿದ ಮೇಲೆ ಆಡುವ ಮಾತಿನಲ್ಲಿ ಕೌರವನಿಗೆ ಕೊಟ್ಟ ಗತ್ತು, ಹಾಸ್ಯಗಾರನ ಬಾಯಲ್ಲಿ ದೊಡ್ಡವರಿಗೆ ಬೀಳುವ ಏಟು, ಇವು ಪುಸ್ತಕದಲ್ಲಿಲ್ಲ. ಇದನ್ನು ಸಾಹಿತ್ಯಕ್ಕೆ ಬಂದ ಪ್ರತಿಕ್ರಿಯೆ ಎಂದು ಎಣಿಸದಿರಲು ನನಗೆ ಕಾರಣ ಕಾಣುವುದಿಲ್ಲ.

ಅಚ್ಚು ಬಂದ ಮೇಲೆ, ಇಂಗ್ಲಿಷ್ ಬಂದ ಮೇಲೆ ಈ ಹಳೆಯ ಕ್ರಮ ಕಡಿದುಹೋಯಿತು ಎನ್ನುವವರಿಗೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮವನ್ನು ತೋರಿಸಬೇಕು. ಬಿ.ಎಂ. ಶ್ರೀಕಂಠಯ್ಯ 1884ರಲ್ಲಿ ಹುಟ್ಟಿದ್ದು ಅಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ತಾವು ಓದಿದ ಇಂಗ್ಲಿಷ್ ಭಾವಗೀತೆಗಳ ಬಗ್ಗೆ ಒಂದು ರಸವಿಮರ್ಶೆಯ ಗ್ರಂಥ ಬರೆಯಬಹುದಿತ್ತು. ಅದರ ಬದಲು ಅವನ್ನು ಕನ್ನಡದಲ್ಲಿ ಕಟ್ಟಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವಾಯಿತು. ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿಹಾಕಿದ್ದ ಪ್ರಾಸ ಹೋಯಿತು, ಮಾತ್ರೆಗಳ ಗುಂಪುಗಳು ಹೊಸ ರೀತಿಯಲ್ಲಿ ಕೂಡಿದವು, ಮುಂದಿನ ತಲೆಮಾರಿನ ಕವಿಗಳಿಗೆ ದಾರಿಯಾಯಿತು ಎನ್ನುವುದು ಪಠ್ಯಪುಸ್ತಕದ ಕಥೆ. ನನ್ನ ವಾದಕ್ಕೆ ಬೇಕಾದದ್ದು ಅವರ ಆಯ್ಕೆ. ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆ 'ಕರುಣಾಳು ಬಾ ಬೆಳಕೆ' ಆಗಿ ಶಾಲೆಗಳ ಪ್ರಾರ್ಥನೆಯೊಳಗೆ ಸೇರಿಹೋಯಿತು. ಹಾಡುವ ಮಕ್ಕಳಿಗೆ ಅದರ ಹಿಂದೆ ಒಬ್ಬ ಇಂಗ್ಲಿಷ್ ಪಾದ್ರಿ ಇದ್ದಾನೆ ಎಂದು ಹೇಳಿದರೆ ನಂಬುವುದೂ ಕಷ್ಟ. ಹಾಗಾದರೆ ಇದು ಓದುಗನ ಪ್ರತಿಕ್ರಿಯೆಯೋ ಕವಿಯ ಸೃಷ್ಟಿಯೋ ಎಂದು ಕೇಳಬಹುದು. ಈ ಪ್ರಶ್ನೆ ಗೂಳೂರಿನವನಿಗೂ ಹಾಕಬಹುದಾದದ್ದು. ಉತ್ತರ ಎರಡೂ ಕಡೆ ಒಂದೇ: ಅವರು ಎರಡನ್ನೂ ಬೇರೆ ಮಾಡಲಿಲ್ಲ, ಬೇರೆ ಮಾಡಿದವರು ನಾವು.

ಶಾಸ್ತ್ರದ ಕಡೆಯಿಂದ ಬರುವ ಆಕ್ಷೇಪಕ್ಕೂ ಈ ಸೀಮೆಯವರೇ ಆಧಾರ ಕೊಟ್ಟಿದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' 1953ರಲ್ಲಿ ಬಂದಿತು. ಸಂಸ್ಕೃತ ಬಾರದ ಕನ್ನಡಿಗನಿಗೂ ಆನಂದವರ್ಧನ, ಭಟ್ಟನಾಯಕ, ಅಭಿನವಗುಪ್ತರ ಮಾತು ತಿಳಿಯುವಂತೆ ಮಾಡಿದ ಗ್ರಂಥ. ಕಾವ್ಯದ ಫಲವನ್ನು ಓದುಗನ ಎದೆಯಲ್ಲಿ ಹುಡುಕುವ ಪರಂಪರೆ ಅಲ್ಲಿ ವಿವರವಾಗಿ ಸಿಗುತ್ತದೆ, ಸಹೃದಯನಿಲ್ಲದೆ ರಸವಿಲ್ಲ. ಆದರೆ ಅದೇ ಪರಂಪರೆ ಓದುಗನ ಸ್ವಂತ ಸುಖದುಃಖವನ್ನು ಅನುಮಾನದಿಂದ ನೋಡುತ್ತದೆ. ಅಭಿನವಗುಪ್ತ ಹೇಳುವ ಏಳು ರಸವಿಘ್ನಗಳಲ್ಲಿ ತನ್ನ ಸುಖದುಃಖಗಳಲ್ಲೇ ಮುಳುಗಿಹೋಗುವುದೂ ಒಂದು. ಭಾವ ಸಾಧಾರಣೀಕರಣಗೊಳ್ಳದೆ ರಸವಾಗದು. ಹೀಗಿರುವಾಗ 'ಈ ಕಾದಂಬರಿ ಓದಿ ನನ್ನ ತಾಯಿಯ ನೆನಪಾಯಿತು' ಎನ್ನುವ ಓದುಗ ಶಾಸ್ತ್ರದ ಪ್ರಕಾರ ಕಾವ್ಯದ ಬಾಗಿಲಲ್ಲೇ ಎಡವಿದವನು. ಇದು ತೂಕದ ಮಾತು, ತಳ್ಳಿಹಾಕುವಂತಿಲ್ಲ. ಆದರೂ ಅಭಿನವಗುಪ್ತ ಹೇಳುತ್ತಿರುವುದು ರಸಾನುಭವದ ಆ ಹೊತ್ತಿನ ಬಗ್ಗೆ. ಪುಸ್ತಕ ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದು ಅವನ ಪ್ರಶ್ನೆಯಲ್ಲ, ಚರಿತ್ರೆಯ ಪ್ರಶ್ನೆ. ಸಹೃದಯನ ಮನಸ್ಸು ಕಾವ್ಯಗಳನ್ನು ಮತ್ತೆ ಮತ್ತೆ ಓದಿ ತಿಳಿಯಾಗಬೇಕು ಎಂದವನೂ ಅವನೇ. ಮತ್ತೆ ಮತ್ತೆ ಓದುವುದು ಒಬ್ಬ ವ್ಯಕ್ತಿ ತನ್ನ ಆಯುಷ್ಯದೊಳಗೆ, ತನ್ನ ಊರಿನಲ್ಲಿ, ತನ್ನ ಕೈಗೆ ಸಿಕ್ಕ ಪುಸ್ತಕಗಳಿಂದ ಮಾಡುವ ಕೆಲಸ. ಸಾಧಾರಣೀಕರಣಕ್ಕೂ ಮೊದಲು ಸಾಧಾರಣವಾಗಬೇಕಾದ ಒಬ್ಬ ಅಸಾಧಾರಣ ಓದುಗ ಬೇಕಲ್ಲ.

ಮುಂದಿನದು ನಮಗೆ ಗೊತ್ತಿರುವ ಕಥೆ, ಬೇಗ ಹೇಳಬಹುದು. 1919ರಲ್ಲಿ ಶುರುವಾದ 'ಪ್ರಬುದ್ಧ ಕರ್ನಾಟಕ'ದಂಥ ಪತ್ರಿಕೆಗಳು ಗ್ರಂಥವಿಮರ್ಶೆಗೆ ಒಂದು ಶಿಸ್ತು ತಂದವು. 1933ರಿಂದ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರ ಓದುಗರನ್ನು ಕಟ್ಟಿತು. 1965ರಲ್ಲಿ ಗ್ರಂಥಾಲಯ ಕಾಯಿದೆ ಬಂತು, ವಾರಪತ್ರಿಕೆ 'ಸುಧಾ'ವೂ ಅದೇ ವರ್ಷ ಹೊರಟಿತು. ಧಾರಾವಾಹಿ ಓದುವವರ ಪತ್ರಗಳಿಗೆ ಜಾಗವಾಯಿತು. ಹಾ.ಮಾ. ನಾಯಕರ ಅಂಕಣಬರಹ 'ಸಂಪ್ರತಿ'ಗೆ 1989ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಲಂಕೇಶರು ತಮ್ಮ ಪತ್ರಿಕೆಯಲ್ಲಿ ಓದಿದ್ದನ್ನೂ ಕಂಡದ್ದನ್ನೂ ಒಂದೇ ಉಸಿರಿನಲ್ಲಿ ಬರೆದಾಗ 'ನಾನು' ಎಂಬ ಓದುಗ ಮುಜುಗರವಿಲ್ಲದೆ ಮುಂದೆ ಬಂದ. ಇದರಲ್ಲಿ ಗಳಿಸಿದ್ದು ಎಷ್ಟೋ. ಕಳೆದುಕೊಂಡದ್ದು ಒಂದಿದೆ: ಎದುರು ಕೂತವನು. ಭಾರತ ಓದಿಸುವಾಗ ಅರ್ಥ ಹೇಳುವವನ ಮಾತಿಗೆ ಅಲ್ಲೇ ತಕರಾರು ಬರುತ್ತಿತ್ತು, ಮಹಾದೇವಯ್ಯನ ಓದಿಗೆ ಹಲಗೆಯಾರ್ಯ ಬಂದ. ಇಂದು ಒಬ್ಬನಿಗೆ ಹಿಡಿಸಿತು, ಇನ್ನೊಬ್ಬನಿಗೆ ಹಿಡಿಸಲಿಲ್ಲ, ಇಬ್ಬರೂ ಅಕ್ಕಪಕ್ಕದ ಅಂಕಣಗಳಲ್ಲಿ ನೆಮ್ಮದಿಯಾಗಿದ್ದಾರೆ. ಅನಿಸಿಕೆಯ ದೋಷ ಅದು ಸ್ವಂತದ್ದಾಗಿರುವುದರಲ್ಲಿ ಇಲ್ಲ. ಅದನ್ನು ಯಾರೂ ತಿದ್ದಲು ಬಾರದಿರುವುದರಲ್ಲಿದೆ.

ಸ್ವಂತದ ಓದು ಕೃತಿಯನ್ನು ಕಿರಿದಾಗಿಸುತ್ತದೆ ಎಂಬ ಭಯಕ್ಕೆ ಈ ಸೀಮೆಯದೇ ಕಾದಂಬರಿಯನ್ನು ಇಟ್ಟು ನೋಡಬಹುದು. ಎಸ್.ಎಲ್. ಭೈರಪ್ಪನವರ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ, ತಿಪಟೂರಿಗೆ ದೂರವಲ್ಲ. 1970ರ 'ಗೃಹಭಂಗ' ನಡೆಯುವುದು ತಿಪಟೂರು-ಚನ್ನರಾಯಪಟ್ಟಣಗಳ ಆಸುಪಾಸಿನಲ್ಲೇ. ಕೈಲಾಗದ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ಕೂತು ಬರೆಯುವವಳು ನಂಜಮ್ಮ, ಮುತ್ತುಗದೆಲೆ ಹಚ್ಚಿ ಮನೆ ನಡೆಸುವವಳು ಅವಳೇ, ಬಾಯಿ ತೆರೆದರೆ ಬೈಗುಳವೇ ಸುರಿಯುವ ಅತ್ತೆ ಗಂಗಮ್ಮನನ್ನು ತಾಳಿಕೊಳ್ಳುವವಳೂ ಅವಳೇ. ಕೊನೆಗೆ ಪ್ಲೇಗು ಮಕ್ಕಳನ್ನೂ ಅವಳನ್ನೂ ತೆಗೆದುಕೊಂಡು ಹೋಗುತ್ತದೆ. 1996ರಲ್ಲಿ ಆತ್ಮಕಥೆ 'ಭಿತ್ತಿ' ಬಂದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟು, ಇದು ಅವರ ತಾಯಿ, ಇದು ಇಂಥ ಊರು ಎಂದು ಗುರುತು ಹಚ್ಚುವ ಓದು ಬೆಳೆಯಿತು. ವಿಮರ್ಶಕರಿಗೆ ಇದು ಸೇರದು, ಕಾದಂಬರಿಯನ್ನು ಊರಿನ ವರದಿ ಮಾಡುತ್ತೀರಿ ಎನ್ನುತ್ತಾರೆ. ಅಷ್ಟಕ್ಕೇ ನಿಂತ ಓದು ಬಡವೇ, ಸರಿ. ಆದರೆ ಇಲ್ಲಿಯವನು ಹೊರಗಿನವನಿಗೆ ಕಾಣದ ಇನ್ನೊಂದನ್ನು ಓದಬಲ್ಲ. ಶಾನುಭೋಗರ ಲೆಕ್ಕ ಒಬ್ಬ ಹೆಂಗಸಿನ ಕೈಬರಹದಲ್ಲಿ ಮೇಲಿನ ಕಚೇರಿಗೆ ಹೋಗುವುದು ಆ ಕಾಲದ ಹಳ್ಳಿಯಲ್ಲಿ ಎಂಥ ಮಾತು ಎನ್ನುವುದನ್ನು 'ಗೃಹಭಂಗ'ದ ಕಾದಂಬರಿಕಾರ ಒತ್ತಿ ಹೇಳುವುದಿಲ್ಲ, ಗೊತ್ತಿದ್ದವನಿಗೆ ಗೊತ್ತು. ಗಂಗಮ್ಮನ ಬೈಗುಳದಲ್ಲಿ ಯಾವುದು ಬರೀ ಚಾಳಿ, ಯಾವುದು ನಿಜವಾದ ವಿಷ ಎಂದು ಬೇರ್ಪಡಿಸಲು ಆ ಮಾತು ಕೇಳಿ ಬೆಳೆದ ಕಿವಿ ಬೇಕು. ನ್ಯಾಷನಲ್ ಬುಕ್ ಟ್ರಸ್ಟ್ ಈ ಕಾದಂಬರಿಯನ್ನು ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿತು. ಮುತ್ತುಗದೆಲೆಯನ್ನು ಕಂಡಿರದ ಓದುಗರೂ ನಂಜಮ್ಮನಿಗಾಗಿ ಮರುಗಿದರು. ತೀನಂಶ್ರೀ ವಿವರಿಸಿದ ಸಾಧಾರಣೀಕರಣಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಆದರೆ ಆ ಹೊರಗಿನ ಓದುಗರ ಓದಿನಲ್ಲಿ ಗಂಗಮ್ಮ ಒಬ್ಬ ಕೆಟ್ಟ ಅತ್ತೆ. ಅವಳನ್ನು ನೋಡಿ ನಕ್ಕು, ನಕ್ಕದ್ದಕ್ಕೆ ತಾನೇ ಬೆಚ್ಚಿ, ಪುಟ ತಿರುವದೆ ಒಂದು ಕ್ಷಣ ನಿಲ್ಲುವ ಓದು ತಿಪಟೂರಿನ ಕಡೆಯದು. ಅದನ್ನು ಬರೆದಿಡದಿದ್ದರೆ ಕಾದಂಬರಿಯ ಅರ್ಧ ಹಾಸ್ಯ ಇನ್ನೊಂದು ತಲೆಮಾರಿನಲ್ಲಿ ಅಡಿಟಿಪ್ಪಣಿಯನ್ನು ಬೇಡುತ್ತದೆ, ಆಗ ಟೀಕು ಬರೆಯಲು ಗೂಳೂರಿನಿಂದ ಯಾರೂ ಬರುವುದಿಲ್ಲ.